ಸೀರಿಯಲ್ ಪ್ಯಾಕೆಟ್ ಬಿಡಬೇಕು, ಆದರೆ ಬೆಳಗ್ಗೆ ಟೈಮ್ ಇಲ್ಲ: ಏನು ಮಾಡೋದು?

ಪ್ರಶ್ನೆ: ನಮಗೆ ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ಎಂಟು ತಿಂಗಳ ಪುಟ್ಟ ಕೂಸು ಇದ್ದಾರೆ. ಬೆಳಗ್ಗೆ ಎಲ್ಲರೂ ಓಡುವವರೇ. ಪ್ಯಾಕೆಟ್ ಸೀರಿಯಲ್‌ಗೆ ಹಾಲು ಸುರಿದರೆ ತಿಂಡಿ ಮುಗೀತು. ಆದರೆ ಹತ್ತೂವರೆಗೆಲ್ಲ ಮಕ್ಕಳಿಗೆ ಮತ್ತೆ ಹಸಿವು. ಓಟ್ಸ್, ಬೀಜ, ಜೇನು ಕಲಸಿ ಹುರಿಯುವ ಗ್ರಾನೋಲಾ ಮನೆಯಲ್ಲೇ ಮಾಡಿದೆ, ಎರಡು ದಿನಕ್ಕೆ ಮೆತ್ತಗಾಯಿತು. ಓಟ್ಸ್ ಬೇಯಿಸಿದರೆ 'ಅಂಟು ಅಂಟು' ಅಂತ ಮಗಳು ಬಟ್ಟಲು ಆಚೆ ತಳ್ಳುತ್ತಾಳೆ. ಪ್ಯಾಕೆಟ್‌ನಲ್ಲಿ ವಿಟಮಿನ್, ಕಬ್ಬಿಣ ಸೇರಿಸಿರುತ್ತಾರಲ್ಲ, ಅದನ್ನು ಬಿಟ್ಟರೆ ಮಕ್ಕಳಿಗೆ ಕೊರತೆ ಆಗುತ್ತದಾ? ದಿನಾ ಮಾಡಬಹುದಾದದ್ದು ಏನಾದರೂ ಹೇಳಿ.

ಉತ್ತರ:

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. 'ಹಾಲು ಸುರಿದರೆ ತಿಂಡಿ ಮುಗೀತು' ಅಂದಿರಲ್ಲ, ಆ ಪ್ಯಾಕೆಟ್ ನಿಮಗೆ ನಿಜವಾಗಿ ಮಾರುತ್ತಿರುವುದು ಅದನ್ನೇ. ಧಾನ್ಯ ಅಲ್ಲ, ವಿಟಮಿನ್ ಅಲ್ಲ, ಬೆಳಗ್ಗೆ ಏಳು ಗಂಟೆಗೆ ಯೋಚನೆ ಮಾಡದೇ ಇರುವ ಸೌಕರ್ಯ. ಹಾಗಾಗಿ ರುಚಿಗೆ ರುಚಿ, ಕುರುಕಲಿಗೆ ಕುರುಕಲು ಅಂತ ಅದರ ನಕಲು ಮಾಡಲು ಹೋದವರು ಸಾಮಾನ್ಯವಾಗಿ ಎರಡನೇ ವಾರಕ್ಕೆ ಕೈಬಿಡುತ್ತಾರೆ. ಬದಲಿಸಬೇಕಾದದ್ದು ಆ ಸೌಕರ್ಯವನ್ನು. ಕೆಲಸವನ್ನು ಬೆಳಗಿನಿಂದ ತೆಗೆದು ಹಿಂದಿನ ರಾತ್ರಿಗೋ ಭಾನುವಾರ ಮಧ್ಯಾಹ್ನಕ್ಕೋ ಹಾಕಿಬಿಟ್ಟರೆ ಮಿಕ್ಕಿದ್ದೆಲ್ಲ ಸುಲಭ. ನಾನು ಕೆಳಗೆ ಹೇಳುವ ಯಾವುದಕ್ಕೂ ಬೆಳಗ್ಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ.

ಮೊದಲು ಹತ್ತೂವರೆ ಹಸಿವಿನ ವಿಷಯ. ಅಡುಗೆಮನೆಯಲ್ಲಿ ತೂಕದ ಯಂತ್ರ ಇದ್ದರೆ ನಾಳೆ ಒಂದು ಕೆಲಸ ಮಾಡಿ. ಮಗಳು ತನ್ನ ಬಟ್ಟಲಿಗೆ ದಿನಾ ಹಾಕಿಕೊಳ್ಳುವಷ್ಟು ಸೀರಿಯಲ್ ಹಾಕಿಕೊಳ್ಳಲಿ, ಹಾಲು ಸುರಿಯುವ ಮೊದಲು ತೂಗಿ. ಪ್ಯಾಕೆಟ್ ಮೇಲೆ 'ಒಂದು ಸರ್ವಿಂಗ್ 30 ಗ್ರಾಂ' ಅಂತ ಇರುತ್ತದೆ. ಬಟ್ಟಲಲ್ಲಿ 50, 60 ಗ್ರಾಂ ಬಿದ್ದಿರುವುದು ಏನೂ ಅಪರೂಪವಲ್ಲ. ಈಗ ಲೇಬಲ್ ತಿರುಗಿಸಿ ನೋಡಿ. ಮಕ್ಕಳಿಗೆಂದೇ ಮಾಡಿದ ಬಣ್ಣಬಣ್ಣದ ಸೀರಿಯಲ್‌ಗಳಲ್ಲಿ 100 ಗ್ರಾಂಗೆ 30 ಗ್ರಾಂ ಸಕ್ಕರೆ ಇರುವಂಥವು ಬೇಕಾದಷ್ಟಿವೆ. ಅಂಥದ್ದು 60 ಗ್ರಾಂ ಬಿದ್ದರೆ 18 ಗ್ರಾಂ ಸಕ್ಕರೆ, ಅಂದರೆ ನಾಲ್ಕೂವರೆ ಟೀ ಚಮಚ. ಎರಡು ವರ್ಷ ದಾಟಿದ ಮಕ್ಕಳಿಗೆ ದಿನವಿಡೀ ಸೇರಿ ಹೊರಗಿಂದ ಬೆರೆಸಿದ ಸಕ್ಕರೆ 25 ಗ್ರಾಂ ಮೀರಬಾರದು ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲೇ ಹೇಳಿದೆ. ಮುಕ್ಕಾಲು ಪಾಲು ಹತ್ತಿರ ಹತ್ತಿರ ಬೆಳಗಿನ ತಿಂಡಿಯಲ್ಲೇ ಖರ್ಚಾಯಿತು ಅಲ್ವಾ?

ಆದರೆ ಹಸಿವಿಗೆ ಸಕ್ಕರೆಯೊಂದೇ ಕಾರಣ ಅಲ್ಲ. ಸಕ್ಕರೆ ಕಡಿಮೆ ಇರುವ ಸಾದಾ ಕಾರ್ನ್‌ಫ್ಲೇಕ್ಸ್ ತಿಂದರೂ ಬೇಗ ಹಸಿವಾಗುತ್ತದೆ. ಹೊಟ್ಟು, ಮೊಳಕೆಯ ಭಾಗ ತೆಗೆದ ಧಾನ್ಯವನ್ನು ಹೆಚ್ಚು ಬಿಸಿಯಲ್ಲಿ ಬೇಯಿಸಿ, ಒತ್ತಿ, ಇಲ್ಲವೇ ಉಬ್ಬಿಸಿ ಹುರಿದಾಗ ಅದರ ಪಿಷ್ಟ ತುಂಬಾ ಬೇಗ ಜೀರ್ಣವಾಗುವ ಹಾಗೆ ಆಗಿಬಿಡುತ್ತದೆ. ರಕ್ತದ ಸಕ್ಕರೆ ಎಷ್ಟು ಬೇಗ ಏರುತ್ತದೆ ಅಂತ ಅಳೆಯುವ ಗ್ಲೈಸೆಮಿಕ್ ಇಂಡೆಕ್ಸ್‌ನಲ್ಲಿ ಕಾರ್ನ್‌ಫ್ಲೇಕ್ಸ್ 80ರ ಆಸುಪಾಸು, ದಪ್ಪ ರೋಲ್ಡ್ ಓಟ್ಸ್ (ಅವಲಕ್ಕಿಯ ಹಾಗೆ ಚಪ್ಪಟೆ ಒತ್ತಿದ ಓಟ್ಸ್) 55ರ ಆಸುಪಾಸು. ಇಲ್ಲಿ ಒಂದು ಮಾತು ನೆನಪಿರಲಿ. ಎರಡು ನಿಮಿಷದಲ್ಲಿ ಆಗುವ ಇನ್‌ಸ್ಟಂಟ್ ಓಟ್ಸ್ ಕೂಡ 80ರ ಹತ್ತಿರವೇ ಹೋಗುತ್ತದೆ. 'ಓಟ್ಸ್' ಅಂತ ಬರೆದಿದ್ದೆಲ್ಲ ಒಂದೇ ಅಲ್ಲ. ಜೊತೆಗೆ ಪ್ರೋಟೀನ್ ನೋಡಿ. 30 ಗ್ರಾಂ ಕಾರ್ನ್‌ಫ್ಲೇಕ್ಸ್‌ನಲ್ಲಿ ಸುಮಾರು 2 ಗ್ರಾಂ, ಅರ್ಧ ಲೋಟ ಹಾಲಿನಲ್ಲಿ 4 ಗ್ರಾಂ. ಆರಕ್ಕೇ ಮುಗಿಯಿತು. ಅದೇ 40 ಗ್ರಾಂ ರೋಲ್ಡ್ ಓಟ್ಸ್, ಮುಕ್ಕಾಲು ಲೋಟ ಹಾಲು, ಒಂದು ದೊಡ್ಡ ಚಮಚ ಕಡಲೆಕಾಯಿ ಬೆಣ್ಣೆ ಅಂದರೆ 13, 14 ಗ್ರಾಂ ಆಗುತ್ತದೆ, ನಾರು ಬೇರೆ 4 ಗ್ರಾಂ ದಾಟುತ್ತದೆ. ಊಟದ ಹೊತ್ತಿನ ತನಕ ತಡೆಯುವುದು ಇದೇ ಜೋಡಿ: ಪ್ರೋಟೀನ್ ಮತ್ತು ನಾರು. ಯಾವ ತಿಂಡಿ ಮಾಡಿದರೂ ಇವೆರಡು ಇವೆಯಾ ಅಂತ ಕೇಳಿಕೊಳ್ಳಿ, ಬೇರೆ ಲೆಕ್ಕ ಬೇಡ.

ಈಗ ಅಂಟಿನ ಸಮಾಚಾರ. ನಿಮ್ಮ ಮಗಳು ಹೇಳುತ್ತಿರುವುದು ಸರಿಯಾಗಿಯೇ ಇದೆ, ಅವಳಿಗೆ ಬೈಬೇಡಿ. ಓಟ್ಸ್‌ನಲ್ಲಿ ಬೀಟಾ ಗ್ಲುಕಾನ್ ಅಂತ ಒಂದು ನಾರು ಇದೆ. ಕೊಲೆಸ್ಟ್ರಾಲ್ ಇಳಿಸುತ್ತದೆ ಅಂತ ಹೆಸರು ಮಾಡಿರುವುದು ಅದೇ, ನೀರಲ್ಲಿ ಲೋಳೆಯಾಗುವುದೂ ಅದೇ. ತಣ್ಣನೆಯ ಹಾಲಿಗೆ ಓಟ್ಸ್ ಹಾಕಿ, ಒಲೆ ಮೇಲಿಟ್ಟು, ಸೌಟಿನಿಂದ ಬಿಡದೆ ತಿರುವುತ್ತಾ ಹೋದರೆ ಆ ಲೋಳೆಯೆಲ್ಲ ಹೊರಗೆ ಬಂದು ಗೋಡೆಗೆ ಹಚ್ಚುವ ಅಂಟಿನ ಹಾಗೆ ಆಗುತ್ತದೆ. ಹೀಗೆ ಮಾಡಿ ನೋಡಿ. ದಪ್ಪ ತಳದ ಪಾತ್ರೆಯಲ್ಲಿ ರೋಲ್ಡ್ ಓಟ್ಸ್ ಅನ್ನು ಎಣ್ಣೆ ಹಾಕದೆ ಮಧ್ಯಮ ಉರಿಯಲ್ಲಿ ಮೂರು ನಾಲ್ಕು ನಿಮಿಷ ಹುರಿಯಿರಿ. ಬಣ್ಣ ಬದಲಾಗಬೇಕಿಲ್ಲ, ಬಿಸ್ಕತ್ತಿನಂಥ ವಾಸನೆ ಬಂದರೆ ಸಾಕು. ಒಂದು ಕಪ್ ಓಟ್ಸ್‌ಗೆ ಎರಡು ಕಪ್ ನೀರು ಬೇರೆ ಕುದಿಸಿ, ಚಿಟಿಕೆ ಉಪ್ಪು ಹಾಕಿ. ಆ ಕುದಿಯುವ ನೀರಿಗೆ ಹುರಿದ ಓಟ್ಸ್ ಸುರಿಯಿರಿ. ಒಂದು ಸಲ ತಿರುವಿ, ಉರಿ ಸಣ್ಣ ಮಾಡಿ, ನಾಲ್ಕು ನಿಮಿಷ ಅದರ ಪಾಡಿಗೆ ಬಿಡಿ. ಕೈ ತುರಿಸುತ್ತದೆ ತಿರುವೋಣ ಅಂತ, ತಿರುವಬೇಡಿ. ಒಲೆ ಆರಿಸಿ ಎರಡು ನಿಮಿಷ ಮುಚ್ಚಿಡಿ. ಹಾಲು ಬೇಕಾದರೆ ಬಟ್ಟಲಿಗೆ ಬಡಿಸಿದ ಮೇಲೆ ಸುತ್ತಲೂ ಸುರಿಯಿರಿ. ಕಾಳು ಕಾಳಾಗಿ, ಅಗಿಯೋಕೆ ಸಿಗುವ ಹಾಗೆ ಬರುತ್ತದೆ. ಹುರಿಯುವ ಕೆಲಸವನ್ನು ಭಾನುವಾರವೇ ಒಂದು ಕಿಲೋಗೆ ಮಾಡಿ ಡಬ್ಬಿ ತುಂಬಿಟ್ಟರೆ ಬೆಳಗ್ಗೆ ನೀರು ಕುದಿಸುವುದಷ್ಟೇ ಉಳಿಯುತ್ತದೆ.

ಇದನ್ನು ಸಿಹಿಯಾಗಿಯೇ ತಿನ್ನಬೇಕು ಅಂತ ಯಾರೂ ಬರೆದಿಟ್ಟಿಲ್ಲ. ಮೇಲೆ ಒಂದು ಮೊಟ್ಟೆ, ಸ್ವಲ್ಪ ಚೀಸ್, ಕಾಳುಮೆಣಸು ಹಾಕಿದರೆ ಬೇರೆಯದೇ ತಿಂಡಿ. ಸಿಹಿ ಬೇಡವೆನ್ನುವ ದೊಡ್ಡವರಿಗೆ ನಾನು ಮೊದಲು ಹೇಳುವುದು ಇದನ್ನೇ, ಯಾಕೋ ಜನ ನಂಬುವುದಿಲ್ಲ, ಒಂದು ಸಲ ತಿಂದ ಮೇಲೆ ಸುಮ್ಮನಾಗುತ್ತಾರೆ. ಸಿಹಿಯೇ ಬೇಕೆಂದರೆ ಚೆನ್ನಾಗಿ ಹಣ್ಣಾದ ಬಾಳೆಹಣ್ಣನ್ನು ಕಿವುಚಿ ಕುದಿಯುವ ನೀರಿಗೇ ಸೇರಿಸಿ, ಇಡೀ ಪಾತ್ರೆಗೆ ಸಿಹಿ ಹತ್ತುತ್ತದೆ. ಸೇಬನ್ನು ಸಣ್ಣಗೆ ಹೆಚ್ಚಿ ಒಂದಿಷ್ಟು ಚಕ್ಕೆ ಪುಡಿ ಜೊತೆ ಬಾಡಿಸಿ ಹಾಕಿದರೂ ಸರಿ. ಜೇನುತುಪ್ಪ ಸಕ್ಕರೆಗಿಂತ ಒಳ್ಳೆಯದು ಅಂತ ಧಾರಾಳವಾಗಿ ಸುರಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿರುವ ಸಕ್ಕರೆಯ ಲೆಕ್ಕದಲ್ಲಿ ಜೇನು, ಸಿರಪ್, ಹಣ್ಣಿನ ಜ್ಯೂಸ್ ಎಲ್ಲವೂ ಬರುತ್ತವೆ. ಇಡೀ ಹಣ್ಣಿನ ಸಿಹಿ, ಹಾಲಿನ ಸಿಹಿ ಬರುವುದಿಲ್ಲ.

ಬೆಳಗ್ಗೆ ಒಲೆಯೇ ಹಚ್ಚುವುದು ಬೇಡ ಅಂದರೆ ರಾತ್ರಿ ನೆನೆಸುವ ದಾರಿ ಇದೆ. ಇದೇನು ಹೊಸ ಫ್ಯಾಷನ್ ಅಲ್ಲ. 1863ರಲ್ಲಿ ಅಮೆರಿಕದ ಜೇಮ್ಸ್ ಕೇಲಬ್ ಜ್ಯಾಕ್ಸನ್ ಎಂಬ ವೈದ್ಯರು ಮಾಡಿದ 'ಗ್ರಾನುಲಾ' ಎಂಬ ಧಾನ್ಯದ ತಿಂಡಿ ಎಷ್ಟು ಗಟ್ಟಿ ಇತ್ತೆಂದರೆ ರಾತ್ರಿಯಿಡೀ ನೆನೆಸದೆ ಹಲ್ಲಿಗೆ ಬಗ್ಗುತ್ತಿರಲಿಲ್ಲ. ಪ್ಯಾಕೆಟ್ ಸೀರಿಯಲ್‌ಗಳ ಮುತ್ತಜ್ಜ ಅದೇ. ಆಮೇಲೆ 1900ರ ಸುಮಾರಿಗೆ ಸ್ವಿಟ್ಜರ್ಲೆಂಡ್‌ನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಷರ್ ಬೆನ್ನರ್ ತಮ್ಮ ರೋಗಿಗಳಿಗೆ ಮ್ಯೂಸ್ಲಿ ಕೊಡಲು ಶುರು ಮಾಡಿದರು. ಅವರ ಮೂಲ ಅಳತೆ ಕೇಳಿದರೆ ಈಗಿನ ಮ್ಯೂಸ್ಲಿ ಡಬ್ಬಿಗಳಿಗೆ ನಾಚಿಕೆಯಾಗಬೇಕು. ಓಟ್ಸ್ ಬರೀ ಒಂದು ದೊಡ್ಡ ಚಮಚ, ಮೂರು ಚಮಚ ನೀರಲ್ಲಿ ನೆನೆಸಿದ್ದು. ಅದಕ್ಕೆ ಸಿಪ್ಪೆ ಸಮೇತ ತುರಿದ ಒಂದು ದೊಡ್ಡ ಸೇಬು, ನಿಂಬೆರಸ, ಒಂದು ಚಮಚ ಬೀಜದ ಪುಡಿ, ಒಂದು ಚಮಚ ಕಂಡೆನ್ಸ್‌ಡ್ ಹಾಲು. ಅಂದರೆ ಅದು ಹಣ್ಣಿನ ತಿಂಡಿ, ಧಾನ್ಯ ನೆಪಕ್ಕೆ. ನಿಮ್ಮ ಮಗಳಿಗೆ ಓಟ್ಸ್ ಆಗದಿದ್ದರೆ ಈ ಹಳೆಯ ಅಳತೆಯಿಂದಲೇ ಶುರು ಮಾಡಿ, ಕಂಡೆನ್ಸ್‌ಡ್ ಹಾಲಿನ ಬದಲು ಗಟ್ಟಿ ಮೊಸರು ಹಾಕಿ. ಹಣ್ಣು ಜಾಸ್ತಿ, ಓಟ್ಸ್ ಕಡಿಮೆ. ನಾಲಿಗೆ ಒಗ್ಗಿದ ಮೇಲೆ ಓಟ್ಸ್ ಏರಿಸಿಕೊಂಡು ಹೋಗಬಹುದು.

ನಾನು ಹೇಳುವ ದಿನನಿತ್ಯದ ಅಳತೆ ಹೀಗಿದೆ: ಒಬ್ಬರಿಗೆ 40 ಗ್ರಾಂ ರೋಲ್ಡ್ ಓಟ್ಸ್, ಅಂದರೆ ಸುಮಾರು ಅರ್ಧ ಕಪ್, ಅರ್ಧ ಕಪ್ ಹಾಲು, ಮೂರು ದೊಡ್ಡ ಚಮಚ ಮೊಸರು, ಒಂದು ಟೀ ಚಮಚ ಚಿಯಾ ಬೀಜ. ಮುಚ್ಚಳ ಇರುವ ಬಾಟಲಿಯಲ್ಲಿ ಕಲಸಿ ಫ್ರಿಜ್‌ನಲ್ಲಿಡಿ. ಹಣ್ಣನ್ನು ಮಾತ್ರ ಬೆಳಗ್ಗೆ ಹಾಕಿ, ರಾತ್ರಿಯೇ ಹಾಕಿದ ಬಾಳೆಹಣ್ಣು ಕಪ್ಪಾಗಿ, ನೀರು ಬಿಟ್ಟು ನೋಡೋಕೇ ಬೇಡ ಅನ್ನಿಸುತ್ತದೆ. ಹಣ್ಣಿಲ್ಲದ ಬಾಟಲಿ ಮೂರು ದಿನ ಚೆನ್ನಾಗಿರುತ್ತದೆ. ಭಾನುವಾರ ರಾತ್ರಿ ಮಾಡಿದ್ದು ಬುಧವಾರದ ತನಕ ಬರುತ್ತದೆ, ಬುಧವಾರ ರಾತ್ರಿ ಇನ್ನೊಂದು ಸುತ್ತು. ಇದರಲ್ಲಿ ಇನ್‌ಸ್ಟಂಟ್ ಓಟ್ಸ್ ಬಳಸಬೇಡಿ, ಕೆಸರಾಗುತ್ತದೆ. ತಣ್ಣಗಿದೆ ಅಂತ ಮಕ್ಕಳು ಮುಖ ತಿರುಗಿಸಿದರೆ ಮುಚ್ಚಳ ತೆಗೆದು ಅರ್ಧ ನಿಮಿಷ ಬಿಸಿ ಮಾಡಿ, ಏನೂ ತೊಂದರೆ ಇಲ್ಲ.

ಗ್ರಾನೋಲಾ ಮೆತ್ತಗಾದದ್ದು ಯಾಕೆ ಅಂತ ಹೇಳುತ್ತೇನೆ, ಆದರೆ ಅದಕ್ಕೂ ಮೊದಲು ಒಂದು ಮಾತು. ಮನೆಯಲ್ಲಿ ಮಾಡಿದ್ದು ಅಂದ ಮಾತ್ರಕ್ಕೆ ಗ್ರಾನೋಲಾ ಹಗುರ ತಿಂಡಿ ಆಗುವುದಿಲ್ಲ. ಎಣ್ಣೆ, ಬೀಜ, ಸಿಹಿ ಎಲ್ಲ ಸೇರಿ 100 ಗ್ರಾಂಗೆ 450 ಕ್ಯಾಲೊರಿ ಮೇಲೆಯೇ ಇರುತ್ತದೆ. ಕೆಲವರ ಮನೆಯ ರೆಸಿಪಿಯಲ್ಲಿ ಜೇನಿನ ಅಳತೆ ನೋಡಿದರೆ, ಇದಕ್ಕಿಂತ ಅಂಗಡಿಯ ಪ್ಯಾಕೆಟ್ಟೇ ವಾಸಿ ಅನ್ನಿಸುತ್ತದೆ. ಬಟ್ಟಲು ತುಂಬ ತಿನ್ನುವುದಕ್ಕಲ್ಲ ಅದು. ಮೊಸರಿನ ಮೇಲೆ, ಗಂಜಿಯ ಮೇಲೆ ಒಂದು ಹಿಡಿ ಉದುರಿಸಿಕೊಳ್ಳುವುದಕ್ಕೆ.

ನನ್ನ ಅಳತೆ: 300 ಗ್ರಾಂ ರೋಲ್ಡ್ ಓಟ್ಸ್, 100 ಗ್ರಾಂ ಒರಟಾಗಿ ಹೆಚ್ಚಿದ ಬಾದಾಮಿ ಅಥವಾ ಅಕ್ರೋಟು, 50 ಗ್ರಾಂ ಕುಂಬಳ ಬೀಜ ಮತ್ತು ಸೂರ್ಯಕಾಂತಿ ಬೀಜ, ಮೂರು ದೊಡ್ಡ ಚಮಚ ಎಣ್ಣೆ, ಮೂರು ದೊಡ್ಡ ಚಮಚ ಜೇನು, ಅರ್ಧ ಟೀ ಚಮಚ ಉಪ್ಪು. ಉಪ್ಪು ಬಿಡಬೇಡಿ, ಸಿಹಿ ಕಡಿಮೆ ಇದ್ದರೂ ಗೊತ್ತಾಗದ ಹಾಗೆ ಮಾಡುವುದು ಅದೇ. ಈ ಲೆಕ್ಕದಲ್ಲಿ 40 ಗ್ರಾಂಗೆ ಸಕ್ಕರೆ 4 ಗ್ರಾಂ, ಒಂದು ಟೀ ಚಮಚ. ಎಣ್ಣೆ, ಜೇನು, ಉಪ್ಪು ಬಿಸಿ ಮಾಡಿ ಮಿಕ್ಕಿದ್ದಕ್ಕೆ ಕಲಸಿ, ತಟ್ಟೆಯಲ್ಲಿ ಬೆರಳ ದಪ್ಪಕ್ಕಿಂತ ಕಡಿಮೆ ಹರಡಿ, 150 ಡಿಗ್ರಿ ಓವನ್‌ನಲ್ಲಿ ಸುಮಾರು ಅರ್ಧ ಗಂಟೆ, ನಡುವೆ ಒಮ್ಮೆ ತಿರುವಿ. ಗಟ್ಟಿ ತುಂಡುಗಳು ಬೇಕೆಂದರೆ ಒಂದು ಮೊಟ್ಟೆಯ ಬಿಳಿಭಾಗ ನೊರೆ ಬರುವಂತೆ ಕಡೆದು ಸೇರಿಸಿ, ಚಮಚದ ಹಿಂಬದಿಯಿಂದ ಒತ್ತಿ, ತಿರುವದೆ ಬಿಡಿ. ಓವನ್ ಇಲ್ಲದಿದ್ದರೆ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಓಟ್ಸ್ ಬೇರೆ, ಬೀಜ ಬೇರೆ ಹುರಿದು ಕೊನೆಗೆ ಜೇನು, ಎಣ್ಣೆ ಕಲಸಿ ಇನ್ನೈದು ನಿಮಿಷ ಆಡಿಸಿ, ಅಷ್ಟೇ.

ಹೊರಗೆ ತೆಗೆದಾಗ ಅದು ಮೆತ್ತಗೇ ಇರುತ್ತದೆ. ಇಲ್ಲೇ ಜನ ಎಡವುವುದು. ಇನ್ನೂ ಆಗಿಲ್ಲ ಅಂತ ಮತ್ತೆ ಒಳಗಿಟ್ಟು ಸೀಸುತ್ತಾರೆ, ಇಲ್ಲವೇ ಬೆಚ್ಚಗಿರುವಾಗಲೇ ಡಬ್ಬಿಗೆ ತುಂಬುತ್ತಾರೆ. ಕುರುಕಲು ಬರುವುದು ಆರಿದ ಮೇಲೆ. ಬೆಚ್ಚಗೆ ತುಂಬಿದರೆ ಒಳಗಿನ ಹಬೆ ಮುಚ್ಚಳಕ್ಕೆ ನೀರಾಗಿ ಕೂತು ಮತ್ತೆ ಕೆಳಗೆ ಬೀಳುತ್ತದೆ. ತಟ್ಟೆಯಲ್ಲೇ ಒಂದು ಗಂಟೆ ಬಿಡಿ, ತಟ್ಟೆಯ ತಳ ಮುಟ್ಟಿದರೆ ತಣ್ಣಗಿರಬೇಕು. ಎರಡನೇ ಕಳ್ಳ ಒಣದ್ರಾಕ್ಷಿ. ಅದು ನೋಡೋಕೆ ಒಣಗಿದ್ದರೂ ಅದರಲ್ಲಿ ತೇವ ಇದೆ, ಡಬ್ಬಿಯೊಳಗೆ ಆ ತೇವವನ್ನು ಓಟ್ಸ್ ಎಳೆದುಕೊಳ್ಳುತ್ತದೆ. ಓಟ್ಸ್ ಮೆತ್ತಗೆ, ದ್ರಾಕ್ಷಿ ಕಲ್ಲು. ಒಣಹಣ್ಣು ಬೇರೆ ಡಬ್ಬಿಯಲ್ಲಿರಲಿ, ತಿನ್ನುವಾಗ ಹಾಕಿಕೊಳ್ಳಿ. ಹೀಗೆ ಮಾಡಿದರೆ ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಆರಾಮಾಗಿ ಇರುತ್ತದೆ. ಅದಕ್ಕಿಂತ ಜಾಸ್ತಿ ಮಾಡಿಡಬೇಡಿ, ಬೀಜಗಳ ಎಣ್ಣೆ ಕಮಟಾಗುತ್ತದೆ. ಈಗಾಗಲೇ ಮೆತ್ತಗಾಗಿರುವ ಗ್ರಾನೋಲಾ ಎಸೆಯಬೇಡಿ, 150 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ಆರಿಸಿ, ಸರಿಹೋಗುತ್ತದೆ.

ಇಷ್ಟೆಲ್ಲ ಓಟ್ಸ್ ಪುರಾಣ ಹೇಳಿದ್ದರೂ, ವಾರಪೂರ್ತಿ ಓಟ್ಸ್ ಕೊಡಿ ಅಂತ ನಾನು ಹೇಳುತ್ತಿಲ್ಲ. ಹಾಗೆ ಕೊಟ್ಟರೆ ಮಕ್ಕಳು ಯಾಕೆ, ನೀವೇ ಬೇಸತ್ತು ಹೋಗುತ್ತೀರಿ. ವಾರದಲ್ಲಿ ಎರಡು ದಿನ ಮೊಟ್ಟೆಗೆ ಬಿಡಿ. ಆರು ಮೊಟ್ಟೆ, ಕಾಲು ಕಪ್ ಹಾಲು, ಸಣ್ಣಗೆ ಹೆಚ್ಚಿದ ತರಕಾರಿ ಒಂದು ಕಪ್, ಸ್ವಲ್ಪ ಚೀಸ್, ಉಪ್ಪು. ಕಲಸಿ ಎಣ್ಣೆ ಸವರಿದ ಮಫಿನ್ ಅಚ್ಚುಗಳಿಗೆ ಮುಕ್ಕಾಲು ಭಾಗ ತುಂಬಿ, 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ. ಉಬ್ಬಿ ಬಂದು, ಹೊರಗೆ ತೆಗೆದ ಮೇಲೆ ಕುಸಿಯುತ್ತವೆ, ಅದು ಸಹಜ. ತರಕಾರಿಯನ್ನು ಮೊದಲೇ ಬಾಡಿಸಿ ನೀರು ಹೋಗಲಾಡಿಸಿ, ಇಲ್ಲದಿದ್ದರೆ ಅಡಿಯಲ್ಲಿ ನೀರು ನಿಲ್ಲುತ್ತದೆ. ಫ್ರಿಜ್‌ನಲ್ಲಿ ಮೂರು ದಿನ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, ಬ್ರೆಡ್ ತುಂಡಿನ ಜೊತೆ ಕೈಯಲ್ಲಿ ಹಿಡಿದು ತಿನ್ನುತ್ತಾ ಶೂ ಹಾಕಿಕೊಳ್ಳಬಹುದು. ಮೊಟ್ಟೆ ತಿನ್ನದವರ ಮನೆಯಲ್ಲಿ ಅದೇ ಜಾಗಕ್ಕೆ ಬೇಯಿಸಿದ ಕಡಲೆಕಾಳನ್ನು ಎಳ್ಳು, ನಿಂಬೆರಸ, ಎಣ್ಣೆ ಜೊತೆ ರುಬ್ಬಿ ಬ್ರೆಡ್‌ಗೆ ದಪ್ಪಗೆ ಸವರಿ ಕೊಡಿ.

ಚಿಕ್ಕವನಿಗೆ ಪ್ಯಾನ್‌ಕೇಕ್ ಹಿಡಿಸಬಹುದು. ಒಂದು ಕಳಿತ ಬಾಳೆಹಣ್ಣು, ಎರಡು ಮೊಟ್ಟೆ, ಪುಡಿ ಮಾಡಿದ ಓಟ್ಸ್ ಅರ್ಧ ಕಪ್, ಚಿಟಿಕೆ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಕಲಸಿ ಹತ್ತು ನಿಮಿಷ ಬಿಡಿ, ಹಿಟ್ಟು ಗಟ್ಟಿಯಾಗುತ್ತದೆ. ಸಣ್ಣ ಉರಿಯಲ್ಲಿ, ಅಂಗೈಗಿಂತ ಚಿಕ್ಕದಾಗಿ ಹಾಕಿ. ಬಾಳೆಹಣ್ಣಿನ ಸಿಹಿ ಬೇಗ ಸೀಯುತ್ತದೆ, ದೊಡ್ಡದಾಗಿ ಹಾಕಿದರೆ ತಿರುಗಿಸುವಾಗ ಮುರಿಯುತ್ತದೆ. ಸಕ್ಕರೆ ಬೇಡವೇ ಬೇಡ. ನಡುನಡುವೆ ಬೇಕಿಂಗ್ ಪೇಪರ್ ಇಟ್ಟು ಫ್ರೀಜರ್‌ಗೆ ಹಾಕಿದರೆ ಒಂದು ತಿಂಗಳು ಇರುತ್ತವೆ. ಬೆಳಗ್ಗೆ ಟೋಸ್ಟರ್‌ಗೆ ಹಾಕಿ ತೆಗೆದರಾಯಿತು.

ಮತ್ತೆ ಯಾರೂ ಹೇಳದ ಒಂದು ತಿಂಡಿ ಇದೆ: ನಿನ್ನೆ ರಾತ್ರಿ ಉಳಿದದ್ದು. ಬೆಳಗ್ಗೆ ಸಿಹಿಯಾದದ್ದೇ, ಬಟ್ಟಲಲ್ಲೇ, ಹಾಲಲ್ಲೇ ತಿನ್ನಬೇಕು ಎಂಬ ಅಭ್ಯಾಸ ಇಷ್ಟು ಗಟ್ಟಿಯಾಗಿ ಬೇರೂರಿದ್ದರಲ್ಲಿ ನೂರಿಪ್ಪತ್ತು ವರ್ಷದ ಜಾಹೀರಾತಿನ ಪಾಲು ದೊಡ್ಡದು. ವಿಲ್ ಕೀತ್ ಕೆಲಾಗ್ 1906ರಲ್ಲಿ ಕಂಪನಿ ಶುರು ಮಾಡಿ ಕಾರ್ನ್‌ಫ್ಲೇಕ್ಸ್ ಅನ್ನು ಮನೆಮನೆಗೆ ತಲುಪಿಸಿದ್ದು. ಸಕ್ಕರೆ ಸೇರಿಸುವುದು ಅವರ ಅಣ್ಣ, ವೈದ್ಯ ಜಾನ್ ಹಾರ್ವೆ ಕೆಲಾಗ್‌ಗೆ ಸ್ವಲ್ಪವೂ ಇಷ್ಟವಿರಲಿಲ್ಲ, ಅಣ್ಣತಮ್ಮಂದಿರ ಜಗಳದಲ್ಲಿ ಇದೂ ಒಂದು. ಇರಲಿ. ಬೇಯಿಸಿದ ಕಾಳು, ತರಕಾರಿ ಸೂಪ್, ಹಿಂದಿನ ದಿನದ ಪಲ್ಯ ಯಾವುದನ್ನಾದರೂ ಚೆನ್ನಾಗಿ ಕುದಿ ಬರುವಂತೆ ಬಿಸಿ ಮಾಡಿ ಬೆಳಗ್ಗೆ ಕೊಡಬಹುದು. ಅನ್ನದ ವಿಷಯದಲ್ಲಿ ಮಾತ್ರ ಹುಷಾರು. ರಾತ್ರಿಯಿಡೀ ಹೊರಗೆ ಇದ್ದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟ ಆದ ಒಂದು ಗಂಟೆಯೊಳಗೆ ಫ್ರಿಜ್ ಸೇರಿದ್ದರಷ್ಟೇ ಬಳಸಿ.

ಈಗ ವಿಟಮಿನ್ ಪ್ರಶ್ನೆ. ಇದು ಒಳ್ಳೆಯ ಪ್ರಶ್ನೆ, ಏಕೆಂದರೆ ಪ್ಯಾಕೆಟ್ ಬಿಡಿ ಅನ್ನುವವರು ಇದನ್ನು ಮುಚ್ಚಿಟ್ಟೇ ಮಾತಾಡುತ್ತಾರೆ. ಹೌದು, ಎಷ್ಟೋ ಸೀರಿಯಲ್‌ಗಳಲ್ಲಿ ಕಬ್ಬಿಣ, ಬಿ ಗುಂಪಿನ ವಿಟಮಿನ್, ಫೋಲಿಕ್ ಆಸಿಡ್, ಕೆಲವದರಲ್ಲಿ ವಿಟಮಿನ್ ಡಿ ಸೇರಿಸಿರುತ್ತಾರೆ. ಊಟದಲ್ಲಿ ಬಹಳ ಆರಿಸಿ ತಿನ್ನುವ ಮಕ್ಕಳಿಗೆ ದಿನದ ಕಬ್ಬಿಣದ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿರಬಹುದು. ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಸುಮಾರು 10 ಮಿಲಿಗ್ರಾಂ ಕಬ್ಬಿಣ ಬೇಕು. 40 ಗ್ರಾಂ ಓಟ್ಸ್‌ನಲ್ಲಿ ಒಂದೂವರೆ ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ, ಒಂದು ದೊಡ್ಡ ಚಮಚ ಕುಂಬಳ ಬೀಜದಲ್ಲಿ ಮುಕ್ಕಾಲು ಮಿಲಿಗ್ರಾಂ ಅಷ್ಟು, ಒಂದು ಮೊಟ್ಟೆಯಲ್ಲಿ ಸುಮಾರು ಒಂದು ಮಿಲಿಗ್ರಾಂ. ತಿಂಡಿಯೊಂದರಿಂದಲೇ ಎಲ್ಲ ಸಿಗಲ್ಲ, ಸಿಗಬೇಕಾಗಿಯೂ ಇಲ್ಲ. ಮಧ್ಯಾಹ್ನ, ರಾತ್ರಿ ಕಾಳು, ಸೊಪ್ಪು, ಮಾಂಸ ಇವುಗಳಲ್ಲಿ ಯಾವುದಾದರೂ ದಿನಾ ಇದ್ದರೆ ಲೆಕ್ಕ ಸರಿಹೋಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ತಿಂದ ಕಬ್ಬಿಣ ಮೈಗೆ ಹತ್ತುವಂತೆ ಮಾಡುವುದು. ಧಾನ್ಯ ಮತ್ತು ಕಾಳಿನ ಕಬ್ಬಿಣದ ಜೊತೆಗೆ ವಿಟಮಿನ್ ಸಿ ಇದ್ದರೆ ಮೈ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ಕಿತ್ತಳೆ, ಸೀಬೆ, ಸ್ಟ್ರಾಬೆರಿ, ನಿಂಬೆರಸ ಯಾವುದಾದರೂ ಸರಿ. ಅದೇ ಹೊತ್ತಲ್ಲಿ ಟೀ, ಕಾಫಿ ಕುಡಿದರೆ ಉಲ್ಟಾ, ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಮಕ್ಕಳಿಗೆ ಬೆಳಗ್ಗೆ ಟೀ ಕೊಡುವ ಅಭ್ಯಾಸ ಇದ್ದರೆ ಪ್ಯಾಕೆಟ್‌ಗಿಂತ ಮೊದಲು ಅದನ್ನು ಬಿಡಿಸಿ. ಬಿ12 ಹಾಲು, ಮೊಸರು, ಮೊಟ್ಟೆಯಿಂದ ಬರುತ್ತದೆ, ಅವೂ ತಿನ್ನದ ಮನೆಯವರು ಮಾತ್ರ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು. ಮಗು ತುಂಬಾ ಸುಸ್ತು ಅನ್ನುತ್ತದೆ, ಬಿಳಿಚಿಕೊಂಡಿದೆ ಅಂದರೆ ತಿಂಡಿ ಬದಲಿಸುತ್ತಾ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಹಾಗಂತ ಎಲ್ಲ ಪ್ಯಾಕೆಟ್ಟೂ ಕೆಟ್ಟದ್ದು ಅಂತ ನಾನು ಹೇಳಲ್ಲ. ಪದಾರ್ಥಗಳ ಪಟ್ಟಿಯಲ್ಲಿ 'ಇಡೀ ಗೋಧಿ' ಅಂತ ಒಂದೇ ಹೆಸರಿರುವ ಸೀರಿಯಲ್‌ಗಳೂ ಸಿಗುತ್ತವೆ. ಪಟ್ಟಿಯನ್ನು ತೂಕದ ಪ್ರಕಾರ ಬರೆದಿರುತ್ತಾರೆ, ಜಾಸ್ತಿ ಇರುವುದು ಮೊದಲು. ಸಕ್ಕರೆ ಮೊದಲ ಮೂರರಲ್ಲಿ ಬಂದರೆ ವಾಪಸ್ ಇಡಿ. ಗ್ಲೂಕೋಸ್ ಸಿರಪ್, ಜೇನು, ಮಾಲ್ಟ್ ಸಾರ, ಹಣ್ಣಿನ ರಸದ ಸಾಂದ್ರ ಅಂತ ಸಕ್ಕರೆಯನ್ನು ನಾಲ್ಕು ಕಡೆ ಹಂಚಿ ಬರೆದಿದ್ದರೆ ಯಾವುದೂ ಮೊದಲಿಗೆ ಬರುವುದಿಲ್ಲ, ಆ ಜಾಣತನವನ್ನೂ ಗಮನಿಸಿ. ಬ್ರಿಟನ್‌ನ ಲೇಬಲ್ ನಿಯಮದಲ್ಲಿ 100 ಗ್ರಾಂಗೆ 5 ಗ್ರಾಂ ಒಳಗಿದ್ದರೆ ಸಕ್ಕರೆ ಕಡಿಮೆ, 22.5 ಮೀರಿದರೆ ಜಾಸ್ತಿ. ಎಲ್ಲೇ ಇದ್ದರೂ ಈ ಎರಡು ಅಂಕಿ ತಲೆಯಲ್ಲಿಟ್ಟುಕೊಂಡರೆ ಅಂಗಡಿಯಲ್ಲಿ ಅರ್ಧ ನಿಮಿಷದ ಕೆಲಸ. ಜ್ವರ ಬಂದ ದಿನಕ್ಕೆ, ಯಾರಿಗೂ ಕೈಲಾಗದ ದಿನಕ್ಕೆ ಅಂಥ ಒಂದು ಪ್ಯಾಕೆಟ್ ಮನೆಯಲ್ಲಿರಲಿ.

ಮಕ್ಕಳನ್ನು ಒಗ್ಗಿಸುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ನಿಜವಾದ ಕಷ್ಟ ಅಲ್ಲೇ ಇರುವುದು. ಸೋಮವಾರದಿಂದ ಬಂದ್ ಅಂತ ಘೋಷಣೆ ಮಾಡಬೇಡಿ. ಈಗಿನ ಸಿಹಿ ಸೀರಿಯಲ್‌ಗೆ ಕಾಲು ಭಾಗ ಹುರಿದ ಓಟ್ಸ್, ಬೀಜ ಬೆರೆಸಿ ಶುರು ಮಾಡಿ, ವಾರ ಬಿಟ್ಟು ಅರ್ಧ, ಆಮೇಲೆ ಮುಕ್ಕಾಲು. ಮುಚ್ಚುಮರೆ ಬೇಡ, ಮಕ್ಕಳೆದುರಿಗೇ ಬೆರೆಸಿ, ಒಂಬತ್ತು ವರ್ಷದವಳಿಗೆ ಹೇಗೂ ಗೊತ್ತಾಗುತ್ತದೆ. ಹೊಸ ರುಚಿ ಮಕ್ಕಳಿಗೆ ಒಪ್ಪಿಗೆಯಾಗಲು ಹತ್ತು ಹದಿನೈದು ಸಲ ನಾಲಿಗೆಗೆ ತಾಕಬೇಕಾಗಬಹುದು, ಮೂರು ಸಲ ಬೇಡ ಅಂದರೆ ಅದು ಕೊನೆಯ ತೀರ್ಪಲ್ಲ. ಮೇಲೆ ಏನು ಹಾಕಬೇಕು ಅನ್ನುವ ಆಯ್ಕೆ ಅವರಿಗೇ ಬಿಡಿ. ಮೂರು ಸಣ್ಣ ಬಟ್ಟಲಲ್ಲಿ ಹಣ್ಣು, ಬೀಜ, ಗ್ರಾನೋಲಾ ಇಟ್ಟು ಎರಡನ್ನು ಆರಿಸಿಕೋ ಅನ್ನಿ. ವಾರವಿಡೀ ಚೆನ್ನಾಗಿ ತಿಂದರೆ ಭಾನುವಾರ ಚಾಕೊಲೇಟ್ ಸೀರಿಯಲ್ ಅಂತ ಮಾತ್ರ ಆಸೆ ತೋರಿಸಬೇಡಿ. ಹಾಗಂದ ತಕ್ಷಣ ಮನೆಯ ತಿಂಡಿ ಶಿಕ್ಷೆಯಾಗುತ್ತದೆ, ಪ್ಯಾಕೆಟ್ ಬಹುಮಾನವಾಗುತ್ತದೆ.

ಇನ್ನು ಚಿಕ್ಕವರಿಬ್ಬರ ವಿಷಯದಲ್ಲಿ ಖಡಾಖಂಡಿತ ಮಾತು. ಎಂಟು ತಿಂಗಳ ಕೂಸಿಗೆ ಜೇನು ಒಂದು ಹನಿಯೂ ಬೇಡ, ಬೇಯಿಸಿದ್ದರಲ್ಲೂ ಬೇಡ. ಅದರಲ್ಲಿರಬಹುದಾದ ಬೀಜಾಣುಗಳಿಂದ ವರ್ಷ ತುಂಬದ ಮಕ್ಕಳಿಗೆ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು, ಮನೆಯ ಒಲೆಯ ಬಿಸಿಗೆ ಅವು ಸಾಯುವುದಿಲ್ಲ. ಹಾಗಾಗಿ ಮೇಲಿನ ಗ್ರಾನೋಲಾ ಕೂಸಿಗಲ್ಲ. ಅದಕ್ಕೆ ಓಟ್ಸ್ ಪುಡಿ ಮಾಡಿ, ಉಪ್ಪು ಸಕ್ಕರೆ ಹಾಕದೆ, ನುಣ್ಣಗೆ ಬೇಯಿಸಿ ಕಿವುಚಿದ ಹಣ್ಣಿನ ಜೊತೆ ಕೊಡಿ. ಮಗನಿಗೆ ಇನ್ನೂ ಐದು ತುಂಬಿಲ್ಲ, ಇಡೀ ಬಾದಾಮಿ, ಅಕ್ರೋಟು, ಕಡಲೆಕಾಯಿ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇದೆ. ಪುಡಿ ಮಾಡಿ ಇಲ್ಲವೇ ಬೆಣ್ಣೆಯಂತೆ ರುಬ್ಬಿ ತೆಳ್ಳಗೆ ಸವರಿ ಕೊಡಿ, ಒಂದು ಚಮಚ ಗಟ್ಟಿ ಬೆಣ್ಣೆಯನ್ನು ಹಾಗೇ ಬಾಯಿಗಿಡಬೇಡಿ. ದ್ರಾಕ್ಷಿಹಣ್ಣನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ಮಗನ ಪಾಲಿನ ಗ್ರಾನೋಲಾವನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಹೆಸರು ಬರೆದ ಬೇರೆ ಡಬ್ಬಿಯಲ್ಲಿಟ್ಟರೆ ಬೆಳಗಿನ ಗಡಿಬಿಡಿಯಲ್ಲಿ ಅದಲು ಬದಲು ಆಗುವುದಿಲ್ಲ.